ಕಿತ್ತೂರ ರಾಣಿ ಚೆನ್ನಮ್ಮಾಜಿ

ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹಿರಿಯ ಹಾದಿಯ ಮಗ್ಗುಲಲ್ಲಿ ಕಿತ್ತೂರೆಂಬ ಊರಿರುವದು. ಅಲ್ಲಿ ಕೋಟೆಯ ಮುರಿದ ಗೋಡೆಗಳೂ ಅರಮನೆಯ ಹಾಳು ಅಂಕಣಗಳೂ ಇಂದಿಗೂ ಉಳಿದಿವೆ. ಕ್ರಿ. ಶ. 1585ರ ಸುಮಾರಿಗೆ ಮೊದಲಾದ ಈ ಸಂಸ್ಥಾನವು 1824ನೆಯ ಇಸವಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯೆಂಬ ಮಹಾಬಲದ ನೆರೆಯವರ ಕೈಯಲ್ಲಿ ಅಳಿದುಹೋಯಿತು. ಆ ಕಾಲದಲ್ಲಿ ಹೀಗೆ ಅಳಿದ ಸಂಸ್ಥಾನಗಳು ಕಡಮೆಯಲ್ಲ. ಆದರೆ ಅವುಗಳಲ್ಲಿ ಎಷ್ಟೋ ಕಾಗದದ ಮೇಲೆ ಅಳಿದವು. ಕಿತ್ತೂರು ಕಾದಿ ಅಳಿಯಿತು. ಕಾದುವದೆಂದು ನಿಶ್ಚಯಿಸಿದವಳು ವಿಧವೆಯಾದ ಒಬ್ಬ ರಾಣಿ. ಅವಳು ಅದನ್ನು ನಿಶ್ಚಯಿಸಿದಾಗ ಅವಳ ಕೈಯಲ್ಲಿದ್ದ ಬಲವೆಷ್ಟು, ಎದುರಿಗಿದ್ದ ಬಲವೆಷ್ಟು ಎಂಬದನ್ನು ನೆನೆಯದೆ ಆಕೆಯ ಚರಿತ್ರವನ್ನು ಓದುವವರಿಗೆ ಅದರ ಅರ್ಧಾಂಶವು ಮಾತ್ರ ತಿಳಿಯುವದು.

ಚೆನ್ನಮ್ಮನ ತವರು ಬೆಳಗಾವಿಗೆ ಉತ್ತರದಲ್ಲಿರುವ ಕಾಕತಿ. ಅಲ್ಲಿಯ ದೇಸಾಯಿ ಧೂಳಪ್ಪಗೌಡರ ಮಗಳಾಗಿ ಆಕೆ 1778ರಲ್ಲಿ ಹುಟ್ಟಿದಳೆಂದು ಹೇಳುವರು. ಕುದುರೆಯೇರುವದು, ಕತ್ತಿ ತಿರುಗಿಸುವದು, ಬಿಲ್ಲುವಿದ್ಯೆ ಇವುಗಳನ್ನು ಬಾಲ್ಯದಲ್ಲಿಯೇ ಕಲಿತಳೆಂಬದು ಆ ನಾಡಿನ ಮನೆಮನೆಯ ಮಾತು. ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿಯಾಗಿ ಆಕೆ ಅರಮನೆಗೆ ಬಂದಳು. ಹಿರಿಯ ರಾಣಿ ರುದ್ರಮ್ಮನು ತಲ್ಲೂರ ದೇಸಾಯರ ಮನೆಯ ಮಗಳು. ಚೆನ್ನಮ್ಮನ ಸ್ವಂತ ಮಗನು ಬಾಳಲಿಲ್ಲ. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನನ್ನೇ ಆಕೆ ತನ್ನ ಮಗನೆಂದು ನಡೆಸಿಕೊಂಡಳು. ಕಿತ್ತೂರಿನ ದೇಸಾಯರು ಲಿಂಗವಂತರು. ಊರಿನ ಕಲ್ಮಠವು ಅವರ ರಾಜಗುರುಪೀಠ. ಚೆನ್ನಮ್ಮನ ಮನಸ್ಸಿನ ಗಟ್ಟಿತನಕ್ಕೆ ತವರಿನ ಸಂಸ್ಕಾರದೊಡನೆ ಈ ಮಠದ ಸಂಸರ್ಗವೂ ಕಾರಣವಾಗಿರಬಹುದೆಂದು ನಮಗೆ ತೋರುವದು.

ಆಕೆ ಸೊಸೆಯಾಗಿ ಬಂದ ಸಂಸ್ಥಾನವು ಹೊರಗೆ ತುಂಬಿದ ಮನೆಯಂತೆ ಕಂಡರೂ ಒಳಗೆ ಕುಗ್ಗುತ್ತ ನಡೆದಿತ್ತು. ಒಂದು ಕಡೆಗೆ ಮೈಸೂರು, ಇನ್ನೊಂದು ಕಡೆಗೆ ಪುಣೆ; ಇಬ್ಬರು ದೊಡ್ಡವರ ನಡುವೆ ಸಿಕ್ಕ ಚಿಕ್ಕವನ ಸ್ಥಿತಿ ಅದರದು. 1785ರಲ್ಲಿ ಟೀಪೂ ಸುಲ್ತಾನನ ಸೈನ್ಯವು ಕಿತ್ತೂರನ್ನು ಹಿಡಿಯಿತು. ಮಲ್ಲಸರ್ಜನು ಸೆರೆವಾಸವನ್ನು ಕಂಡನು. ಮೈಸೂರಿನ ಕೈ ಸಡಿಲಾದ ಮೇಲೆ ಪೇಶವೆಯರ ಕೈ ಬಿಗಿಯಿತು. 1809ರಲ್ಲಿ ಮಲ್ಲಸರ್ಜನು ವರ್ಷಕ್ಕೆ 1,75,000 ರೂಪಾಯಿ ಕಪ್ಪವನ್ನೊಪ್ಪಿ ಎರಡನೆಯ ಬಾಜೀರಾಯನಿಂದ ಸನದನ್ನು ಪಡೆದನು. ಇಷ್ಟಾದರೂ ಬಾಜೀರಾಯನಿಗೆ ತೃಪ್ತಿಯಿಲ್ಲ. ಮಲ್ಲಸರ್ಜನನ್ನು ಪುಣೆಯಲ್ಲಿ ತಡೆದಿರಿಸಿ, ರೋಗವು ಮೀರಿದ ಮೇಲೆ ಬಿಟ್ಟುಕೊಟ್ಟನು. 1816ರಲ್ಲಿ ಆ ದೇಸಾಯಿಯು ತನ್ನ ನಾಡಿಗೆ ಬಂದು ಮುಟ್ಟುವದೊಂದೇ ಆಯಿತು, ಬಾಳಿ ಆಳುವದಾಗಲಿಲ್ಲ.

ಹೀಗಿರಲು 1818ರಲ್ಲಿ ಜನರಲ್ ಮನ್ರೋ ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಕಿತ್ತೂರಿನವರು ಇಂಗ್ಲಿಷರಿಗೆ ನೆರವಾದುದು ಆಶ್ಚರ್ಯವಲ್ಲ. ತಂದೆಯನ್ನು ಸೆರೆಯಿಟ್ಟವನ ಕೋಟೆ ಬೀಳುವದಾದರೆ ಮಗನು ಅಳುವನೆ? ಈ ನೆರವಿಗೆ ಪ್ರತಿಯಾಗಿ ಕಂಪನಿಯು ಶಿವಲಿಂಗರುದ್ರಸರ್ಜನಿಗೆ ಸನದನ್ನು ಕೊಟ್ಟಿತು. ಆದರೆ ಕಪ್ಪದ ಮೊತ್ತವು ಕಡಮೆಯಾಗಲಿಲ್ಲ. ಮೇಲೆ ಖಾನಾಪುರ ಸೀಮೆಯೂ ಕೈಬಿಟ್ಟಿತು. ಗೆದ್ದ ಪಕ್ಷದಲ್ಲಿದ್ದೂ ಕಿತ್ತೂರು ಸೀಮೆಯನ್ನು ಕಳೆದುಕೊಂಡಿತೆಂಬದನ್ನು ಚರಿತ್ರಕಾರರು ಬೇಗನೆ ದಾಟಿ ಹೋಗುವರು. ನಮಗೆ ಇಲ್ಲಿಯೇ ಎಲ್ಲದರ ಬೀಜವು ಕಾಣುವದು. ಅದುವರೆಗೆ ನೆರೆಯ ದೊಡ್ಡವರು ಇಬ್ಬರಿದ್ದರು. ಒಬ್ಬನು ಮುನಿದರೆ ಇನ್ನೊಬ್ಬನ ಮರೆ ಹೊಗಬಹುದಾಗಿತ್ತು. ಇನ್ನು ಮೇಲೆ ಒಬ್ಬನೇ ಉಳಿದನು.

ಸೈನ್ಯದ ಬಗೆಯನ್ನೂ ಹೇಳಬೇಕು. ಕಿತ್ತೂರಿನ ದಂಡೆಂದರೆ ನಿತ್ಯ ಕವಾಯತು ಮಾಡುವ ಪಲ್ಟನವಲ್ಲ. ಅದರಲ್ಲಿ ಬಹುಮಂದಿ ಶೇತಸನದಿಗಳು. ಎಂದರೆ ಚಾಕರಿಗಾಗಿ ಹೊಲವನ್ನುಂಡು, ಕರೆ ಬಂದಾಗ ಕತ್ತಿ ಬಂದೂಕುಗಳೊಡನೆ ಬಂದು ಕೂಡುವವರು. ಬಿತ್ತುವ ಕೈಯೇ ಬಡಿಯುವ ಕೈ. ಮಣ್ಣಿನ ಮೇಲಿನ ಮಮತೆಯಿಂದ ಇವರು ಎದೆಗೊಟ್ಟು ನಿಲ್ಲುವರು ನಿಜ. ಆದರೆ ತಿಂಗಳುಗಟ್ಟಲೆ ನಿಲ್ಲಿಸಿ ಸಾಕುವ ಹಣವೂ, ಒಂದೇ ಆಜ್ಞೆಗೆ ಒಂದಾಗಿ ತಿರುಗುವ ಅಭ್ಯಾಸವೂ ಆ ದಂಡಿಗಿರಲಿಲ್ಲ. ಕೋಟೆಯನ್ನು ಕಟ್ಟಿದುದು ಹಿಂದಿನ ಶತಮಾನಗಳ ತೋಪಿಗೆ ತಕ್ಕಂತೆ. ಕಂಪನಿಗಾದರೋ ಬಳ್ಳಾರಿಯಿಂದ ಪುಣೆಯವರೆಗೆ ಠಾಣ್ಯಗಳಿದ್ದವು. ಒಂದೆಡೆ ಸೋತರೆ ಇನ್ನೊಂದೆಡೆಯಿಂದ ದಂಡು ತರಿಸುವದು ಅದಕ್ಕೆ ಪತ್ರವೊಂದರ ಕೆಲಸ.

ಶಿವಲಿಂಗರುದ್ರಸರ್ಜನಿಗೆ ಸಂತಾನವಿರಲಿಲ್ಲ. 1824ರ ಬೇಸಗೆ ಕಳೆಯುವಷ್ಟರಲ್ಲಿ ರೋಗವು ಬಲಿತು, ಮಾಸ್ತಮರಡಿಯ ಬಾಳಪ್ಪಗೌಡನ ಮಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆಗೆ ಅದನ್ನು ತಿಳಿಸಲಾಯಿತು. ಸೆಪ್ಟೆಂಬರ್ ತಿಂಗಳಲ್ಲಿ ದೇಸಾಯಿಯು ತೀರಿಕೊಂಡನು. ಥ್ಯಾಕರೆಯು ಪತ್ರವನ್ನೂ ರುಜುವನ್ನೂ ಸಂಶಯಿಸಿ, ದತ್ತಕವು ಮರಣದ ನಂತರ ಹೂಡಿದ ಆಟವೆಂದು ಮೇಲಿನವರಿಗೆ ಬರೆದನು. ಖಜಾನೆಗೆ ಮೊಹರು ಬಿತ್ತು. ಅದರಲ್ಲಿದ್ದ ದ್ರವ್ಯವು ಸುಮಾರು 15 ಲಕ್ಷ ರೂಪಾಯಿಯೆಂದು ಹೇಳುವರು. ಸಂಸ್ಥಾನದ ಆಡಳಿತವನ್ನು ನೋಡಲು ಕೊಣ್ಣೂರ ಮಲ್ಲಪ್ಪಶೆಟ್ಟಿ, ಹಾವೇರಿ ವೆಂಕಟರಾವ್ ಎಂಬ ಕಾರಭಾರಿಗಳನ್ನು ನಿಯಮಿಸಿದನು. ಸನದನ್ನು ಕೊಟ್ಟ ಕೈಯೇ ಈಗ ಅದರ ಅರ್ಥವನ್ನೂ ಹೇಳತೊಡಗಿತು.

ದತ್ತಕವು ಧರ್ಮಕ್ಕೆ ಒಪ್ಪಿದ್ದೋ ಅಲ್ಲವೋ ಎಂಬ ಮಾತನ್ನು ಇಲ್ಲಿ ಕೆದಕಬೇಕಾಗಿಲ್ಲ. ಮಕ್ಕಳಿಲ್ಲದವರು ಮಗನನ್ನು ತೆಗೆದುಕೊಳ್ಳುವದು ನಮ್ಮ ನಾಡಿನಲ್ಲಿ ಬಡವನ ಮನೆಯಲ್ಲಿಯೂ ನಡೆದುಬಂದ ಕ್ರಮ. ಒಂದು ಮನೆತನಕ್ಕೆ ಮಗನಿರುವನೋ ಇಲ್ಲವೋ ಎಂಬದನ್ನು ಆ ಮನೆತನವು ಹೇಳಬೇಕೋ, ಆ ಮನೆಯ ಖಜಾನೆಗೆ ಮೊಹರು ಹಾಕಿದವನು ಹೇಳಬೇಕೋ ಎಂಬದೊಂದೇ ಆಗ ಎದ್ದ ಪ್ರಶ್ನೆ. ಡಾಲ್ಹೌಸಿಯು ಬಂದು ಇಂಥ ಸಂಸ್ಥಾನಗಳನ್ನು ಸಾಲಾಗಿ ನುಂಗಿದುದು ಇದಕ್ಕೆ ಇಪ್ಪತ್ತೈದು ವರ್ಷಗಳ ಮೇಲೆ.

ಚೆನ್ನಮ್ಮಾಜಿಯು ಕೂಡಲೆ ಕತ್ತಿ ಹಿರಿಯಲಿಲ್ಲ. ಪುಣೆಯಲ್ಲಿದ್ದ ಕಮಿಶನರ ಚಾಪ್ಲಿನ್ನನಿಗೂ ಮುಂಬಯಿಯ ಗವರ್ನರ ಎಲ್ಫಿನ್‌ಸ್ಟನ್ನನಿಗೂ ದತ್ತಕವನ್ನು ಮಾನ್ಯಮಾಡಬೇಕೆಂದು ಬರೆಯಿಸಿದಳು, ಫಲವಾಗಲಿಲ್ಲ. ಆಕೆಯ ಬಳಿಯಲ್ಲಿ ಸರದಾರ ಗುರುಸಿದ್ಧಪ್ಪನಂಥ ಅನುಭವಿಗಳಿದ್ದರು. ಕಂಪನಿಯೊಡನೆ ಕೆಣಕಾಟಕ್ಕೆ ನಿಂತರೆ ಏನಾಗಬಹುದೆಂಬದು ಅವರಿಗೂ ರಾಣಿಗೂ ತಿಳಿಯದ್ದಲ್ಲ. ಆರು ವರ್ಷಗಳ ಹಿಂದೆ ಪೇಶವೆಯರ ರಾಜ್ಯವೇ ಉರುಳಿದುದನ್ನು ಅವರು ಕಣ್ಣಾರೆ ಕಂಡವರು. ಬಲಾಬಲವನ್ನು ಅರಿಯದೆ ಮುನ್ನುಗ್ಗಿದಳೆಂದು ಆಕೆಯನ್ನು ಹೊಗಳುವವರೂ ತೆಗಳುವವರೂ ಇಲ್ಲಿ ಒಂದೇ ತಪ್ಪನ್ನು ಮಾಡುವರು.

ಅಕ್ಟೋಬರ್ ಮೂರನೆಯ ವಾರದಲ್ಲಿ ಥ್ಯಾಕರೆಯು ಮದ್ರಾಸ ಸೈನ್ಯದ ಕುದುರೆ ತೋಪಿನ ತುಕಡಿಯನ್ನೂ ಕೊಂಚ ಕಾಲಾಳುಗಳನ್ನೂ ಕರೆದುಕೊಂಡು ಕಿತ್ತೂರಿಗೆ ಬಂದನು. ಖಜಾನೆಯ ಹೊಣೆಗೆ ಮುಚ್ಚಳಿಕೆ ಬರೆದುಕೊಡಿರೆಂದು ಊರಿನ ಪ್ರಮುಖರನ್ನು ಒತ್ತಾಯಿಸಿದನು, ಅವರು ಒಪ್ಪಲಿಲ್ಲ. 23ನೆಯ ತಾರೀಖಿನ ಬೆಳಿಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು. ಅರ್ಧ ತಾಸಿಗೂ ಕಡಮೆಯಾದ ಅವಧಿಯನ್ನು ಕೊಟ್ಟು, ಅಷ್ಟರೊಳಗೆ ತೆರೆಯದಿದ್ದರೆ ತೋಪಿನಿಂದ ಒಡೆಯುವೆನೆಂದು ಥ್ಯಾಕರೆ ಹೇಳಿಸಿದನು. ಅವಧಿ ಮುಗಿಯುತ್ತಲೆ ಬಾಗಿಲು ತೆರೆಯಿತು. ಆದರೆ ಹೊರಬಂದುದು ಶರಣಾಗತಿಯಲ್ಲ, ದಂಡು. ತೋಪಿನವರಿಗೆ ಎರಡನೆಯ ಸಲ ಮದ್ದು ತುಂಬಲು ಎಡೆ ಸಿಗಲಿಲ್ಲ. ತೋಪಿನ ದಳದ ಕ್ಯಾಪ್ಟನ್ ಬ್ಲ್ಯಾಕ್ ಮೊದಲಾದ ಅಧಿಕಾರಿಗಳು ಅಲ್ಲಿಯೇ ಬಿದ್ದರು. ಥ್ಯಾಕರೆಯೂ ಗುಂಡು ತಗಲಿ ಸತ್ತನು; ಗುರಿಯಿಟ್ಟವನು ಅಮಟೂರ ಬಾಳಪ್ಪನೆಂದು ಕಿತ್ತೂರ ನಾಡು ಇಂದಿಗೂ ಹೇಳುವದು. ಅವನ ಸಹಾಯಕರಾದ ಸ್ಟೀವನ್ಸನ್, ಎಲಿಯಟ್ ಎಂಬಿಬ್ಬರು ತರುಣರು ಸೆರೆಸಿಕ್ಕರು.

ಇಲ್ಲಿಂದ ಮುಂದಿನ ಆರು ವಾರಗಳೇ ಚೆನ್ನಮ್ಮಾಜಿಯ ಬಾಳಿನಲ್ಲಿ ಅತ್ಯಂತ ಕಠಿಣವಾದವು. ಜಯಘೋಷದ ಲಾವಣಿಗಳು 23ನೆಯ ತಾರೀಖಿನ ಮೇಲೆ ನಿಂತುಬಿಡುವದರಿಂದ ಈ ವಾರಗಳ ಕಡೆಗೆ ಜನರ ಲಕ್ಷ್ಯವು ಹೋಗಿಲ್ಲ. ಗೆದ್ದುದು ಮುಂದಿನ ದಂಡಯಾತ್ರೆಯನ್ನು ಕರೆದಂತೆಯೇ ಸರಿ. ಕಲೆಕ್ಟರನೊಬ್ಬನು ಸತ್ತ ಮೇಲೆ ಕಂಪನಿಯು ಸುಮ್ಮನಿದ್ದರೆ ದಕ್ಷಿಣ ಮರಾಠಾ ಸೀಮೆಯ ಒಂದೊಂದು ದೇಸಗತಿಯೂ ತಲೆಯೆತ್ತುವ ಭಯವಿತ್ತು. ಆದುದರಿಂದ ನಾಲ್ಕೂ ಕಡೆಯ ಠಾಣ್ಯಗಳಿಂದ ದಂಡುಗಳು ಹೊರಟವು. ಇತ್ತ ಕಿತ್ತೂರಿಗೆ ನೆರವಾಗಿ ಹೊರಗಿನಿಂದ ಒಂದು ದಂಡೂ ಬರಲಿಲ್ಲ. ನೆರೆಯ ದೇಸಾಯರು, ಸಂಸ್ಥಾನಿಕರು ಮನಸ್ಸಿನಲ್ಲಿ ಏನೆಂದುಕೊಂಡರೋ ಬಲ್ಲವರಿಲ್ಲ. ಮನೆಯಿಂದ ಮಾತ್ರ ಹೊರಬೀಳಲಿಲ್ಲ.

ರಾಣಿಯ ಕೈಯಲ್ಲಿದ್ದ ಒಂದೇ ಬಲವೆಂದರೆ ಆ ಇಬ್ಬರು ಸೆರೆಯಾಳುಗಳು. ಅವರಿದ್ದಷ್ಟು ದಿನ ಶತ್ರುವು ಕೋಟೆಯ ಮೇಲೆ ಗುಂಡು ಹಾರಿಸಲು ಹಿಂಜರಿಯಬೇಕಾಗಿತ್ತು. ಅವರಿಗೆ ಕಿತ್ತೂರಿನಲ್ಲಿ ಕೇಡಾಗಲಿಲ್ಲ. ಇವರನ್ನು ಬಿಟ್ಟುಕೊಟ್ಟರೆ ಕ್ಷಮೆಯುಂಟೆಂದು ಚಾಪ್ಲಿನ್ನನು ಸಾರಿಸಿದನು. ಇಟ್ಟುಕೊಂಡರೆ ಸಂಧಿಯ ಬಾಗಿಲು ಮುಚ್ಚುವದು, ಬಿಟ್ಟರೆ ಬರಿಗೈಯಾಗುವದು. ರಾಣಿಯು ಬಿಟ್ಟುಕೊಟ್ಟಳು. ದುರ್ಬಲನು ಮಾತನ್ನು ನಂಬಲೇಬೇಕಾಗುವ ಗಳಿಗೆಯೊಂದಿರುವದು. ಅದನ್ನು ಅವಿವೇಕವೆನ್ನಲು ನಮಗೆ ನಾಲಗೆ ಬಾರದು. ಕಂಪನಿಯವರು ಕೋಟೆಯನ್ನೂ ಒಪ್ಪಿಸಬೇಕೆಂದು ಪಟ್ಟುಹಿಡಿದರು. ಡಿಸೆಂಬರ್ 3ರಂದು ಕರ್ನಲ್ ಡೀಕನ್ನನ ಸೈನ್ಯವು ಹೊರಗಣ ನೆಲೆಗಳನ್ನು ಹಿಡಿಯಿತು. ದೊಡ್ಡ ತೋಪುಗಳು ಗೋಡೆಯನ್ನು ಒಡೆದವು. 5ನೆಯ ತಾರೀಖಿನೊಳಗಾಗಿ ಎಲ್ಲ ಮುಗಿಯಿತು. ಗೆದ್ದವರಿಗೂ ಅದು ಸುಲಭವಾಗಲಿಲ್ಲ. ಮದ್ರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋನ ಬಂಧುವಾದ ಸೋಲಾಪುರದ ಸಬ್ ಕಲೆಕ್ಟರ ಮನ್ರೋ ಈ ಯುದ್ಧದಲ್ಲಿ ಮಡಿದನು.

ಕಾರಭಾರಿಗಳಿಬ್ಬರು ಶತ್ರುವಿನೊಡನೆ ಕೂಡಿ ಮದ್ದಿನಲ್ಲಿ ಸಗಣಿಯನ್ನು ಬೆರೆಸಿದ್ದರಿಂದಲೇ ಕೋಟೆ ಬಿದ್ದಿತೆಂಬ ಕಥೆಯು ಪ್ರಸಿದ್ಧವಾಗಿದೆ. ದ್ರೋಹವು ನಡೆಯಲಿಲ್ಲವೆಂದು ನಾವು ಹೇಳುವವರಲ್ಲ. ಮನೆಯೊಡೆಯದೆ ಕೋಟೆಯೊಡೆಯದೆಂಬದು ಅನುಭವದ ಮಾತು. ಆದರೆ ಸೋಲಿನ ಹೊರೆಯನ್ನೆಲ್ಲ ಇಬ್ಬರ ತಲೆಯ ಮೇಲೆ ಹೊರಿಸಿದರೆ ಉಳಿದವರು ಬಲು ಸುಲಭವಾಗಿ ನುಣುಚಿಕೊಳ್ಳುವರು. ಮದ್ದು ಒಣಗಿಯೇ ಇದ್ದಿದ್ದರೆ ಕಿತ್ತೂರು ಇನ್ನೂ ಕೆಲವು ದಿನ ನಿಲ್ಲುತ್ತಿತ್ತು. ಬಾರದೆ ಉಳಿದ ನೆರೆಯವರು ಮದ್ದು ಒಣಗಿದ ಮಾತ್ರಕ್ಕೆ ಬರುತ್ತಿದ್ದರೆ? ಹತ್ತಾರು ವರ್ಷ ಕಪ್ಪವಾಗಿ ಹರಿದುಹೋದ ಹಣವು ತಿರುಗಿ ಬರುತ್ತಿತ್ತೆ?

ಡಿಸೆಂಬರ್ ತಿಂಗಳಲ್ಲಿಯೇ ಚೆನ್ನಮ್ಮಾಜಿಯನ್ನು ಬೈಲಹೊಂಗಲದ ಕೋಟೆಗೆ ಸಾಗಿಸಿದರು. ಸೊಸೆ ವೀರಮ್ಮನೂ ಸೆರೆಯಾದಳು. ಬೈಲಹೊಂಗಲದಲ್ಲಿ ರಾಣಿಯು ನಾಲ್ಕು ವರ್ಷಗಳಿಗೆ ಮೇಲ್ಪಟ್ಟು ಬಾಳಿದಳು. ಲಿಂಗಪೂಜೆ, ಶಿವಚಿಂತನೆ, ಶರಣರ ವಚನಗಳ ಶ್ರವಣಗಳಲ್ಲಿ ಆ ದಿನಗಳು ಕಳೆದವೆಂದು ಹಿರಿಯರು ಹೇಳಿಕೊಂಡು ಬಂದಿರುವರು. ತನ್ನ ಊರಿನಿಂದ ಕೆಲವೇ ಹರಿದಾರಿಯ ದೂರದಲ್ಲಿದ್ದು, ಆ ಊರನ್ನು ಮತ್ತೆ ಕಾಣದೆ 1829ರ ಫೆಬ್ರವರಿಯಲ್ಲಿ ಆಕೆ ಲಿಂಗೈಕ್ಯಳಾದಳು. ಸಮಾಧಿಯು ಬೈಲಹೊಂಗಲದಲ್ಲಿಯೇ ಇದೆ.

ಅವಳ ದಂಡಿನಲ್ಲಿದ್ದ ಸಂಗೊಳ್ಳಿಯ ಶೇತಸನದಿ ರಾಯಣ್ಣನು ಆಕೆಯ ನಂತರ ಅದೇ ದತ್ತಕಪುತ್ರನ ಹೆಸರಿನಲ್ಲಿ ಜನರನ್ನು ಕೂಡಿಸಿ, ಕಚೇರಿಗಳನ್ನು ಸುಟ್ಟು, ಖಜಾನೆಗಳನ್ನು ಹೊಡೆದು, ಕಂಪನಿಯನ್ನು ತಿಂಗಳುಗಟ್ಟಲೆ ಅಲೆದಾಡಿಸಿದನು. ಕವಾಯತಿಲ್ಲದ ಆ ಹೊಲದ ದಂಡು ಬಯಲಿನಲ್ಲಿ ಕೋಟೆಯಿಲ್ಲದೆ ಏನು ಮಾಡಬಲ್ಲದೆಂಬದು ಆಗ ಕಾಣಿಸಿತು. ಕೊನೆಗೆ 1830ರಲ್ಲಿ ನಂಬಿದವರೇ ಅವನನ್ನು ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಸೆರೆಯಿಂದ ಬಿಡುಗಡೆ ಹೊಂದಿದ ಆ ತರುಣ ವಾಲ್ಟರ್ ಎಲಿಯಟ್ಟನು ಮುಂದೆ ಬಹುಕಾಲ ಬಾಳಿದನು. ಚೆನ್ನಮ್ಮನ ನಾಡಿನಲ್ಲಿಯೇ ಕೆಲವು ವರ್ಷ ಕೆಲಸದಲ್ಲಿದ್ದು, ಕನ್ನಡ ಸೀಮೆಯ ಗುಡಿಗುಡಿಗಳ ಶಿಲಾಲಿಪಿಗಳನ್ನು ಪ್ರತಿ ಮಾಡಿಸಿ, ಸುಮಾರು 600 ಶಾಸನಗಳನ್ನು ಕೂಡಿಹಾಕಿದನು. ಚಾಲುಕ್ಯರ ವಂಶಾವಳಿಯನ್ನು ಜೋಡಿಸಲು ತೊಡಗಿದ ಮೊದಲಿನವರಿಗೆ ಆಧಾರವಾದವು ಆ ಪ್ರತಿಗಳೇ.