ಇಂದಿನ ಧಮ್ಮ ಚಿಂತನೆ: ಇರಾವತಿ ಕರ್ವೆ ಅಳೆದು ನೋಡಿದ್ದು



ಇಂದು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಅವರನ್ನು ನೆನೆಯೋಣ. 1905ರಲ್ಲಿ ಬೌದ್ಧರ ನಾಡಾದ ಬರ್ಮಾದಲ್ಲಿ ಹುಟ್ಟಿದರು. ಅಲ್ಲಿನ ಐರಾವತಿ ನದಿಯ ಹೆಸರನ್ನೇ ಅವರಿಗೆ ಇಟ್ಟರು. ಬೆಳೆದದ್ದು ಪುಣೆಯಲ್ಲಿ.

1920ರ ದಶಕದ ಕೊನೆಗೆ ಬರ್ಲಿನ್‌ಗೆ ಹೋಗಿ ಫಿಷರ್ ಎಂಬ ಪ್ರಾಧ್ಯಾಪಕರಲ್ಲಿ ಸಂಶೋಧನೆ ಮಾಡಿದರು. ಬಿಳಿಯರ ತಲೆಬುರುಡೆಯ ಏರುಪೇರೇ ಅವರ ಹೆಚ್ಚಿನ ಬುದ್ಧಿಯ ಗುರುತು ಎಂಬುದು ಗುರುವಿನ ನಂಬಿಕೆ. ಇರಾವತಿ ಬುರುಡೆಗಳನ್ನು ಅಳೆದರು. ಜನಾಂಗಕ್ಕೂ ಆ ಏರುಪೇರಿಗೂ ಸಂಬಂಧ ಕಾಣಲಿಲ್ಲ. ಕಂಡದ್ದನ್ನೇ ಬರೆದರು.

1939ರಿಂದ ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದರು. ಗಂಡನನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಸ್ಕೂಟರ್ ಓಡಿಸುತ್ತಿದ್ದರು. ಊರೂರು ತಿರುಗಿ, 1953ರಲ್ಲಿ ಭಾರತದ ನೆಂಟಸ್ತಿಕೆಯ ಪದ್ಧತಿಗಳ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದರು. 1970ರಲ್ಲಿ ತೀರಿಕೊಂಡರು.

ಆ ಗ್ರಂಥ ಓದಿದಾಗ ನನ್ನ ಮನೆಯೇ ಬೇರೆಯಾಗಿ ಕಂಡಿತು. ಉತ್ತರದಲ್ಲಿ ಹೆಣ್ಣನ್ನು ಪರಿಚಯವಿಲ್ಲದ ಊರಿಗೆ ಕೊಡುತ್ತಾರೆ. ತವರಲ್ಲಿ ಸಲೀಸಾಗಿ ಓಡಾಡಿದವಳು ಅಲ್ಲಿ ಮಾವನೆದುರು ಮುಖಕ್ಕೆ ಸೆರಗೆಳೆಯಬೇಕು. ನಮ್ಮಲ್ಲಿ ತಾಯಿಯ ತಮ್ಮನೂ ಮಾವ, ಗಂಡನ ತಂದೆಯೂ ಮಾವ. ಸೋದರತ್ತೆಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಸೊಸೆ ಹೊರಗಿನವಳಲ್ಲ. ಪಾಲಿ ಪರಂಪರೆಯಲ್ಲಿ ಯಶೋಧರೆಯೂ ಸಿದ್ಧಾರ್ಥನ ಸೋದರತ್ತೆಯ ಮಗಳೇ.

ಇನ್ನು 1966ರಿಂದ ಟಿಬೆಟನ್ನರು ನೆಲೆಸಿರುವ ನಮ್ಮ ಮುಂಡಗೋಡವನ್ನೇ ನೋಡಿ. ಅವರ ಹಳೆಯ ನಾಡಿನ ಕೆಲವೆಡೆ ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುತ್ತಿದ್ದರು, ಹೊಲ ಹಂಚಿಹೋಗಬಾರದೆಂದು. ಉತ್ತರದವರಿಗೆ ನಮ್ಮ ಪದ್ಧತಿ ಪಾಪ, ನಮಗೆ ಅವರದು ವಿಚಿತ್ರ. ಯಾವುದೂ ಹುಟ್ಟಿನಿಂದ ಬಂದ ನಿಯಮವಲ್ಲ. ಹೊಲ, ಮನೆ, ಭಯ, ಅಕ್ಕರೆ ಎಂಬ ಕಾರಣಗಳಿಂದ ಹುಟ್ಟಿದವು. ಕಾರಣ ಬದಲಾದರೆ ಅವೂ ಬದಲಾಗುತ್ತವೆ. ಇದೇ ಅನಿತ್ಯ.

ಹಳಿಯಾಳದ ನನ್ನ ಅಜ್ಜಿಯನ್ನು ಸೋದರಮಾವನಿಗೇ ಕೊಟ್ಟಿದ್ದರು. ಮನೆ ಹೊಸದಲ್ಲ, ಅತ್ತೆಯ ಕಾಟವೂ ಇರಲಿಲ್ಲ, ಏಕೆಂದರೆ ಅತ್ತೆ ಸ್ವಂತ ಅಜ್ಜಿಯೇ. ಆದರೆ ನಿನಗೆ ಒಪ್ಪಿಗೆಯೇ ಎಂದು ಯಾರೂ ಆಕೆಯನ್ನು ಕೇಳಿರಲಿಲ್ಲ. ಪರಿಚಿತ ಮನೆಯಲ್ಲಿಯೂ ಆ ದುಃಖ ಇರಬಲ್ಲದು.

ಇರಾವತಿ ಗುರುವಿನ ಮಾತನ್ನೂ ಅಳೆದು ನೋಡದೆ ಒಪ್ಪಲಿಲ್ಲ. ನಾವು ಹಿರಿಯರ ಪದ್ಧತಿಯನ್ನು ದ್ವೇಷಿಸಬೇಕಿಲ್ಲ, ಅಂಟಿಕೊಳ್ಳಲೂ ಬೇಕಿಲ್ಲ.

🪷 ಇಂದಿನ ಅಭ್ಯಾಸ: ನಮ್ಮ ಮನೆಯಲ್ಲಿ ಹೆಣ್ಣುಮಗಳ ಬಗ್ಗೆ ಒಂದು ತೀರ್ಮಾನ ಆಗುತ್ತಿದ್ದರೆ, ಮೊದಲು ಆಕೆಯನ್ನೇ ಕೇಳೋಣ. ಉತ್ತರ ಬರುವವರೆಗೆ ಸುಮ್ಮನೆ ಕೂರೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏