ಔಷಧಕ್ಕೆ ಅದರ ಹೆಸರನ್ನೇ ಮರಳಿ ಕೊಟ್ಟ ಸೇನಕ ಬಿಬಿಲೆ

ಔಷಧ ಒಂದೇ, ಹೆಸರು ಹತ್ತಾರು, ಬೆಲೆಯೂ ಹತ್ತಾರು. ನಮ್ಮ ನಗರಗಳ ಜನೌಷಧಿ ಮಳಿಗೆಗಳಿಗೆ ಹೋಗಿ ಬಂದವರಿಗೆ ಈ ಅನುಭವ ಹೊಸದಲ್ಲ. ಭಾರತದಲ್ಲಿ ಆ ಯೋಜನೆ ಆರಂಭವಾದದ್ದು 2008ರಲ್ಲಿ. ಅದಕ್ಕೂ ಮೂರೂವರೆ ದಶಕಗಳ ಮೊದಲೇ ನೆರೆಯ ಶ್ರೀಲಂಕಾದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಇಡೀ ದೇಶದ ಔಷಧ ಖರೀದಿಯನ್ನೇ ಈ ದಾರಿಗೆ ತಿರುಗಿಸಿದ್ದರು. ಅವರೇ ಸೇನಕ ಬಿಬಿಲೆ.

1920ರ ಫೆಬ್ರವರಿ 13ರಂದು ಜನಿಸಿದ ಬಿಬಿಲೆ, ಊವ ಸೀಮೆಯ ಹೆಸರಾಂತ ಜಮೀನ್ದಾರಿ ಮನೆತನದವರು. ಕ್ಯಾಂಡಿಯ ಟ್ರಿನಿಟಿ ಕಾಲೇಜಿನಲ್ಲಿ ಓದಿ, ಕೊಲಂಬೊದ ವೈದ್ಯಕೀಯ ಕಾಲೇಜಿನಿಂದ 1945ರಲ್ಲಿ ಪದವಿ ಪಡೆದರು. ಎಡಿನ್‌ಬರೋ ವಿಶ್ವವಿದ್ಯಾಲಯ 1952ರಲ್ಲಿ ಅವರಿಗೆ ಡಾಕ್ಟರೇಟ್ ನೀಡಿತು. ಖಾಸಗಿ ವೃತ್ತಿಯಲ್ಲಿ ಧಾರಾಳವಾಗಿ ಸಂಪಾದಿಸಬಹುದಾಗಿದ್ದ ಮನುಷ್ಯ ಅಧ್ಯಾಪನವನ್ನು ಆರಿಸಿಕೊಂಡರು. 1958ರಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾದರು. ಜಮೀನ್ದಾರರ ಮಗ ರಾಜಕೀಯದಲ್ಲಿ ಎಡಪಂಥೀಯ ಲಂಕಾ ಸಮ ಸಮಾಜ ಪಕ್ಷದ ಜೊತೆಗಿದ್ದರು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಮುಂದೆ ಅವರ ಏಳು ಬೀಳುಗಳೆರಡಕ್ಕೂ ಆ ನಂಟು ಕಾರಣವಾಯಿತು.

ಬಿಬಿಲೆಯವರ ಕೆಲಸ ಆರಂಭವಾದದ್ದು ಒಂದು ಪುಟ್ಟ ಕೈಪಿಡಿಯಿಂದ. ಸರ್ಕಾರಿ ಆಸ್ಪತ್ರೆಗಳಿಗೆ ಯಾವ ಯಾವ ಔಷಧ ನಿಜವಾಗಿ ಬೇಕು ಎಂಬುದನ್ನು ಗುರುತಿಸಿ, ಅವುಗಳನ್ನು ಕಂಪನಿಗಳು ಇಟ್ಟ ಹೆಸರಿನಿಂದಲ್ಲದೆ ಮೂಲ ರಾಸಾಯನಿಕದ ಹೆಸರಿನಿಂದ ಪಟ್ಟಿ ಮಾಡುವ ಆಸ್ಪತ್ರೆ ಔಷಧಸೂಚಿ 1959ರಲ್ಲಿ ಹೊರಬಂತು. ಅದರ ಹಿಂದಿದ್ದವರು ಬಿಬಿಲೆ. ಆಸ್ಪತ್ರೆಗಳಲ್ಲಿ ಪದ್ಧತಿ ನೆಲೆಗೊಂಡಿತು. ಆದರೆ ಖಾಸಗಿ ಮಾರುಕಟ್ಟೆ ಹಳೆಯ ಹಾದಿಯಲ್ಲೇ ಸಾಗಿತ್ತು. ಕಂಪನಿಗಳ ಪ್ರತಿನಿಧಿಗಳು ಹೇಳಿದ ಹೆಸರನ್ನು ವೈದ್ಯರು ಬರೆಯುತ್ತಿದ್ದರು, ರೋಗಿ ಕೇಳಿದಷ್ಟು ಕೊಟ್ಟು ಕೊಳ್ಳುತ್ತಿದ್ದ.

1970ರಲ್ಲಿ ಸಿರಿಮಾವೋ ಬಂಡಾರನಾಯಿಕೆ ನೇತೃತ್ವದ ಸಮ್ಮಿಶ್ರ ಸರ್ಕಾರ ಅಧಿಕಾರಕ್ಕೆ ಬಂದಾಗ ದೇಶದ ವಿದೇಶಿ ವಿನಿಮಯದ ಬೊಕ್ಕಸ ಬರಿದಾಗುತ್ತಿತ್ತು. ಸಮ ಸಮಾಜ ಪಕ್ಷವೂ ಆ ಸರ್ಕಾರದ ಪಾಲುದಾರ. ಕಮ್ಯುನಿಸ್ಟ್ ನಾಯಕರೂ ವೈದ್ಯರೂ ಆಗಿದ್ದ ಎಸ್.ಎ. ವಿಕ್ರಮಸಿಂಘೆ ಅವರೊಡನೆ ಬಿಬಿಲೆ ಔಷಧ ವ್ಯವಹಾರವನ್ನು ಕುರಿತು 1971ರಲ್ಲಿ ವರದಿ ಸಿದ್ಧಪಡಿಸಿದರು. ಅದೇ ವರ್ಷ ಸರ್ಕಾರಿ ಔಷಧ ನಿಗಮ ಸ್ಥಾಪನೆಯಾಯಿತು. ಬಿಬಿಲೆ ಅದರ ಮೊದಲ ಅಧ್ಯಕ್ಷರಾದರು.

ನಿಗಮದ ವಿಧಾನ ಕೇಳಲು ಬಲು ಸರಳ. ಮಾರುಕಟ್ಟೆಯಲ್ಲಿದ್ದ ಸುಮಾರು 2,100 ಔಷಧಗಳನ್ನು ತಜ್ಞರ ಸಮಿತಿ ಜಾಲಾಡಿ, ಪುನರಾವರ್ತನೆಗಳನ್ನೂ ಪ್ರಯೋಜನ ಕಾಣದವನ್ನೂ ತೆಗೆದು, ಸುಮಾರು 600ಕ್ಕೆ ಇಳಿಸಿತು. ಹಾಗೆ ಉಳಿದವನ್ನು ಮೂಲ ಹೆಸರಿನಲ್ಲಿ ಜಾಗತಿಕ ಟೆಂಡರ್ ಕರೆದು ಇಡೀ ದೇಶಕ್ಕಾಗಿ ಒಟ್ಟಿಗೆ ಕೊಳ್ಳುವುದು. 1972ರಿಂದ ಹಂತ ಹಂತವಾಗಿ ಆಮದು ನಿಗಮದ ಕೈಗೆ ಬಂತು. ಸ್ಥಳೀಯ ಕಾರ್ಖಾನೆಗಳಿಗೆ ಬೇಕಾದ ಕಚ್ಚಾ ಔಷಧವನ್ನೂ ನಿಗಮವೇ ತರಿಸಿಕೊಡತೊಡಗಿತು.

ನಿಜವಾದ ಗುಟ್ಟು ಹೊರಬಿದ್ದದ್ದು ಈ ಕಚ್ಚಾ ಔಷಧದಲ್ಲಿಯೇ. ಬಹುರಾಷ್ಟ್ರೀಯ ಕಂಪನಿಯ ಲಂಕಾ ಶಾಖೆ ತನ್ನ ಮಾತೃಸಂಸ್ಥೆಯಿಂದಲೇ ಮಾಲು ತರಿಸಿಕೊಳ್ಳುತ್ತಿತ್ತು. ಬೆಲೆ ನಿಗದಿ ಮಾಡುತ್ತಿದ್ದುದೂ ಮಾತೃಸಂಸ್ಥೆಯೇ. ಮಧುಮೇಹಕ್ಕೆ ಕೊಡುತ್ತಿದ್ದ ಟಾಲ್ಬುಟಮೈಡ್‌ಗೆ ಹೀಗೆ ಕಿಲೋಗೆ ಸುಮಾರು 40 ಡಾಲರ್ ತೆರಲಾಗುತ್ತಿತ್ತು. ನಿಗಮಕ್ಕೆ ಅದು ಪೋಲೆಂಡಿನಿಂದ ಎರಡೂವರೆ ಡಾಲರಿನ ಆಸುಪಾಸಿನಲ್ಲಿ ದೊರೆಯಿತು. ಟೆಟ್ರಾಸೈಕ್ಲಿನ್ ಬೆಲೆ ಕಿಲೋಗೆ ಸುಮಾರು 99 ಡಾಲರಿನಿಂದ ಸುಮಾರು 20ಕ್ಕೆ ಇಳಿಯಿತು. ಆ ಅಗ್ಗದ ಟೆಟ್ರಾಸೈಕ್ಲಿನ್ ಕೊಟ್ಟದ್ದು ಯಾವುದೋ ಅನಾಮಧೇಯ ಕಾರ್ಖಾನೆಯಲ್ಲ, ಜರ್ಮನಿಯ ಪ್ರಖ್ಯಾತ ಹೂಕ್ಸ್ಟ್ ಕಂಪನಿ!

ಅಗ್ಗವೆಂದರೆ ಕಳಪೆ ಎಂಬ ಅನುಮಾನ ವೈದ್ಯ ಸಮುದಾಯದಲ್ಲಿ ದಟ್ಟವಾಗಿತ್ತು. ಖಾಸಗಿ ವೈದ್ಯರಲ್ಲಿ ಹಲವರು ಬಹಿರಂಗವಾಗಿಯೇ ವಿರೋಧಿಸಿದರು. ಅದನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ. ದೂರದ ದೇಶಗಳಿಂದ ಬರುವ ಮಾಲಿನ ಗುಣಮಟ್ಟಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಬಿಬಿಲೆ ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯ ಮೂಲಕ ಉತ್ತರಿಸಲು ಯತ್ನಿಸಿದರು. ಕಂಪನಿ ಪ್ರತಿನಿಧಿಗಳ ಮಾತಿಗೆ ಬದಲಾಗಿ ವೈದ್ಯರಿಗೆ ನಿಷ್ಪಕ್ಷಪಾತ ಮಾಹಿತಿ ಒದಗಿಸುವ ಪತ್ರಿಕೆಯನ್ನೂ ನಿಗಮದಿಂದ ಹೊರಡಿಸಿದರು. ಮೇಷ್ಟರ ಸ್ವಭಾವ ಅಲ್ಲಿಯೂ ಬಿಡಲಿಲ್ಲ.

ಸತ್ವಪರೀಕ್ಷೆ ಬಂದದ್ದು 1974ರಲ್ಲಿ, ಕಾಲರಾ ರೂಪದಲ್ಲಿ. ಚಿಕಿತ್ಸೆಗೆ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತುರ್ತಾಗಿ ಬೇಕಿತ್ತು. ಹೂಕ್ಸ್ಟ್‌ನಿಂದ ತರಿಸಿದ ಕಚ್ಚಾ ಔಷಧ ದೇಶದಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ಅದನ್ನು ಕ್ಯಾಪ್ಸೂಲಿಗೆ ತುಂಬುವ ಯಂತ್ರಗಳಿದ್ದುದು ಫೈಜರ್ ಕಾರ್ಖಾನೆಯಲ್ಲಿ. ಗುಣಮಟ್ಟದ ತಕರಾರು ಮುಂದಿಟ್ಟ ಕಂಪನಿ ಕೆಲಸಕ್ಕೆ ಒಪ್ಪಲಿಲ್ಲ. ಕೊನೆಗೆ ನಿಗಮ ಸಿದ್ಧ ಕ್ಯಾಪ್ಸೂಲ್‌ಗಳನ್ನು ಹೆಚ್ಚಿನ ವೆಚ್ಚದಲ್ಲಿ ವಿಮಾನದಲ್ಲಿ ತರಿಸಬೇಕಾಯಿತು. ಕಾರ್ಖಾನೆಯನ್ನು ರಾಷ್ಟ್ರೀಕರಣ ಮಾಡಬೇಕೆಂಬ ಮಾತು ಸರ್ಕಾರದ ಒಳಗೇ ಎದ್ದಿತು. ಅಮೆರಿಕದ ರಾಯಭಾರಿ ಪ್ರಧಾನಿಯವರನ್ನು ಕಂಡ ಬಳಿಕ ಆ ಮಾತು ಅಲ್ಲಿಗೇ ನಿಂತಿತು. ಅಗ್ಗವಾಗಿ ಕೊಳ್ಳುವುದನ್ನು ಬಿಬಿಲೆ ಸಾಧಿಸಿದ್ದರು. ಕೊಂಡದ್ದನ್ನು ರೋಗಿಯ ಕೈಗೆ ಮುಟ್ಟಿಸುವ ಯಂತ್ರ ಮಾತ್ರ ಬೇರೆಯವರ ವಶದಲ್ಲಿತ್ತು.

1975ರಲ್ಲಿ ಸಮ ಸಮಾಜ ಪಕ್ಷ ಸರ್ಕಾರದಿಂದ ಹೊರಬಿತ್ತು. ಬಿಬಿಲೆಯವರ ಬೆನ್ನಿಗಿದ್ದ ರಾಜಕೀಯ ಬಲ ಕುಸಿಯಿತು. 1976ರಲ್ಲಿ ನಿಗಮದ ಹೊಣೆ ಮುಗಿಯಿತು. ಬಳಿಕ ಅವರು ವಿಶ್ವಸಂಸ್ಥೆಯ ವಾಣಿಜ್ಯ ಮತ್ತು ಅಭಿವೃದ್ಧಿ ಸಂಸ್ಥೆಯ ಪರವಾಗಿ ಬಡ ರಾಷ್ಟ್ರಗಳಿಗೆ ಇದೇ ಪಾಠವನ್ನು ಹೇಳಲು ಹೊರಟರು. ಅರ್ಥಶಾಸ್ತ್ರಜ್ಞ ಸಂಜಯ ಲಾಲ್ ಅವರೊಂದಿಗೆ ಬರೆದ ಪ್ರಬಂಧದಲ್ಲಿ ಲಂಕಾದ ಅನುಭವವನ್ನು ಅಂಕಿ ಅಂಶಗಳ ಸಮೇತ ದಾಖಲಿಸಿದರು. 1977ರ ಜುಲೈ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು, ಆರ್ಥಿಕತೆ ತೆರೆದುಕೊಂಡಿತು, ಆಮದಿನ ಮೇಲಿದ್ದ ನಿಗಮದ ಏಕಸ್ವಾಮ್ಯವೂ ಹೋಯಿತು.

ಅದೇ ವರ್ಷದ ಸೆಪ್ಟೆಂಬರ್ 29ರಂದು, ಕೆಲಸದ ಮೇಲೆ ಗಯಾನಾಕ್ಕೆ ಹೋಗಿದ್ದ ಬಿಬಿಲೆ ಅಲ್ಲಿಯೇ ಹಠಾತ್ತನೆ ನಿಧನರಾದರು. ಅವರಿಗೆ 57 ವರ್ಷ. ಆ ಸಾವಿನ ಬಗ್ಗೆ ಲಂಕಾದಲ್ಲಿ ಅವರ ಅಭಿಮಾನಿಗಳು ಸಂಶಯ ವ್ಯಕ್ತಪಡಿಸುತ್ತ ಬಂದಿದ್ದಾರೆ, ಆದರೆ ಪುರಾವೆ ಇಲ್ಲ.

ಮರು ತಿಂಗಳೇ ಜಿನೀವಾದಲ್ಲಿ ಸೇರಿದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಜಗತ್ತಿನ ಮೊದಲ ಅಗತ್ಯ ಔಷಧಗಳ ಮಾದರಿ ಪಟ್ಟಿಯನ್ನು ಸಿದ್ಧಪಡಿಸಿದರು. ಬಾಂಗ್ಲಾದೇಶ 1982ರಲ್ಲಿ ತನ್ನ ಔಷಧ ನೀತಿಯನ್ನು ಜಾರಿಗೊಳಿಸಿ ಅನಗತ್ಯ ಔಷಧಗಳನ್ನು ನಿಷೇಧಿಸಿತು. ಸ್ವಂತ ನಾಡಿನಲ್ಲಿ ಮಾತ್ರ ಬಿಬಿಲೆ ನೀತಿ ದೀರ್ಘಕಾಲ ಚುನಾವಣಾ ಭರವಸೆಯಾಗಿಯೇ ಉಳಿಯಿತು. 2015ರಲ್ಲಿ ಶ್ರೀಲಂಕಾ ಸಂಸತ್ತು ರಾಷ್ಟ್ರೀಯ ಔಷಧ ನಿಯಂತ್ರಣ ಪ್ರಾಧಿಕಾರದ ಕಾಯ್ದೆಯನ್ನು ಅಂಗೀಕರಿಸಿತು. 2016ರ ಅಕ್ಟೋಬರ್‌ನಲ್ಲಿ 48 ಔಷಧಗಳಿಗೆ ಗರಿಷ್ಠ ಬೆಲೆ ನಿಗದಿಯಾಯಿತು. ಬಿಬಿಲೆ ತೀರಿಕೊಂಡು ಆಗ 39 ವರ್ಷಗಳಾಗಿದ್ದವು.