ಹೋರಿ ಹಬ್ಬದ ಮರುದಿನ ಪೇಟೆಗೆ ಉಳಿಯೋದೇನು? ಶಾಹೂ ಮಹಾರಾಜರ ಕುಸ್ತಿ ಕಣದ ಲೆಕ್ಕ

ಹಂಸಭಾವಿ: ದೀಪಾವಳಿ ಪಾಡ್ಯ ಬಂತೆಂದರೆ ಹಂಸಭಾವಿ, ಹಿರೇಕೆರೂರು, ಹಾನಗಲ್ಲ ಸೀಮೆಯ ಬಸ್ಸುಗಳಲ್ಲಿ ಒಂದೇ ಮಾತು. ಯಾವ ಊರಾಗ ಹೋರಿ ಬಿಡ್ತಾರ, ಯಾರ ಹೋರಿ ಕೊಬ್ಬರಿ ಕೊಡದೆ ಓಡ್ತದ, ಬಹುಮಾನಕ್ಕೆ ಏನಿಟ್ಟಾರ. ಹೋರಿಯ ಕೊರಳಿಗೆ ಒಣಕೊಬ್ಬರಿ ಸರ, ಕೋಡಿಗೆ ರಿಬ್ಬನ್ನು, ಮೈಮೇಲೆ ಬಲೂನು. ಅವತ್ತು ಚಹದಂಗಡಿಯ ಒಲೆ ಆರೋದಿಲ್ಲ. ಮಿರ್ಚಿ-ಮಂಡಕ್ಕಿ ಗಾಡಿಯವರಿಗೆ ಉಸಿರಾಡಲು ಪುರಸೊತ್ತಿಲ್ಲ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ.

ಮರುದಿನ ಬೆಳಿಗ್ಗೆ ನೋಡಿರಿ. ಬಂದ ಮಂದಿ ಬಂದ ಹಾದಿ ಹಿಡಿದಿರುತ್ತಾರೆ. ರಸ್ತೆ ತುಂಬ ಒಡೆದ ಬಲೂನು, ಹಿಚುಕಿದ ಲೋಟ. ಕೆಲವರು ಒಂದು ದಿನದ ಗಲ್ಲಾ ಎಣಿಸಿ ಖುಷಿಪಟ್ಟರೆ, ಕೆಲವರು ಮುರಿದ ಬೇಲಿ ಕಟ್ಟುತ್ತಾ ಕೂತಿರುತ್ತಾರೆ. ಹೋರಿ ತಿವಿದು ಆಸ್ಪತ್ರೆ ಸೇರಿದವರಿದ್ದರೆ ಆ ಮನೆಯ ಹಬ್ಬ ಅಲ್ಲಿಗೇ ಮುಗಿಯಿತು. ಇಷ್ಟೆಲ್ಲ ಗದ್ದಲ ಆಗಿ ಊರಿಗೆ ಉಳಿದದ್ದೇನು?

ಈ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ಒಬ್ಬ ಅರಸರು ಉತ್ತರ ಕಟ್ಟಿಟ್ಟು ಹೋಗಿದ್ದಾರೆ. ಅವರು ಕೊಲ್ಲಾಪುರದ ಛತ್ರಪತಿ ಶಾಹೂ ಮಹಾರಾಜರು. ಮೀಸಲಾತಿ ತಂದ ಅರಸರೆಂದು ಅವರ ಹೆಸರು ಎಲ್ಲರಿಗೂ ಗೊತ್ತು. ಕುಸ್ತಿಯಿಂದ ಒಂದು ಪೇಟೆಯನ್ನು ಬೆಳೆಸಿದ ಕಥೆ ನಮ್ಮ ಕಡೆ ಅಷ್ಟಾಗಿ ಯಾರೂ ಹೇಳುವುದಿಲ್ಲ.

ಧಾರವಾಡದಲ್ಲಿ ಓದಿದ ಅರಸ

ಪುಣೆಯ ಹಾದಿಯಲ್ಲಿ ನಿಪ್ಪಾಣಿ ದಾಟಿದ ಮೇಲೆ ಕಾಗಲ ಎಂಬ ಊರು ಸಿಗುತ್ತದೆ. ಅಲ್ಲಿಯ ಘಾಟಗೆ ಮನೆತನದಲ್ಲಿ 1874ರಲ್ಲಿ ಹುಟ್ಟಿದ ಹುಡುಗ ಯಶವಂತರಾವ್. ಕೊಲ್ಲಾಪುರದ ಗಾದಿಗೆ ವಾರಸುದಾರರಿಲ್ಲದಾಗ 1884ರ ಮಾರ್ಚಿಯಲ್ಲಿ ರಾಣಿ ಆನಂದೀಬಾಯಿಯವರು ಈ ಹುಡುಗನನ್ನು ದತ್ತು ತೆಗೆದುಕೊಂಡರು. ಹೆಸರು ಶಾಹೂ ಆಯಿತು. ಮೊದಲು ರಾಜಕೋಟೆಯ ರಾಜಕುಮಾರ ಕಾಲೇಜು, ಆಮೇಲೆ ನಮ್ಮ ಧಾರವಾಡ. 1894ರವರೆಗೆ ಧಾರವಾಡದಲ್ಲಿ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿಯ ಕೈಕೆಳಗೆ ಓದು ನಡೆಯಿತು. ಇದೇ ಫ್ರೇಸರ್ ಮುಂದೆ ಮೈಸೂರಿಗೆ ಹೋಗಿ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುವಾದರು. ಆಗ ಹಂಸಭಾವಿಯೂ ಧಾರವಾಡ ಜಿಲ್ಲೆಯೊಳಗೇ ಇತ್ತು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಶಾಹೂ ಆಳು ಭರ್ಜರಿ. ಎತ್ತರಕ್ಕೆ ತಕ್ಕ ಗಾತ್ರ, ಗಾತ್ರಕ್ಕೆ ತಕ್ಕ ಬಲ. ಚಿಕ್ಕಂದಿನಿಂದ ಕುಸ್ತಿಯ ಹುಚ್ಚು. ಖುದ್ದು ಮಣ್ಣಿಗಿಳಿದು ಪಟ್ಟು ಕಲಿತವರು. 1894ರ ಏಪ್ರಿಲ್ 2ರಂದು ರಾಜ್ಯಭಾರ ಕೈಗೆ ಬಂದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಮೊದಲು ಪೇಟೆ, ಆಮೇಲೆ ಕಣ

ಅಧಿಕಾರ ಬಂದ ಮರುವರ್ಷ, ಅಂದರೆ 1895ರಲ್ಲಿ, ಅವರು ಶಾಹೂಪುರಿ ಎಂಬ ವ್ಯಾಪಾರಪೇಟೆ ಹಾಕಿಸಿದರು. ಕಬ್ಬಿನ ಸೀಮೆಯ ಬೆಲ್ಲಕ್ಕೆ ಅಲ್ಲಿ ದೊಡ್ಡ ಬಜಾರು ಬೆಳೆಯಿತು. ಮಿರಜದಿಂದ ರೈಲು 1891ರಲ್ಲೇ ಬಂದಿತ್ತು. 1906ರಲ್ಲಿ ನೂಲು-ಬಟ್ಟೆ ಗಿರಣಿ ಶುರುವಾಯಿತು. ಮುಂದಿನ ವರ್ಷ ಭೋಗಾವತಿ ನದಿಗೆ ರಾಧಾನಗರಿ ಅಣೆಕಟ್ಟಿನ ಕೆಲಸ ಹಿಡಿಸಿದರು.

ಈ ಕ್ರಮ ಗಮನಿಸಬೇಕು. ಹಾದಿ, ಪೇಟೆ, ನೀರು ಇದ್ದ ಊರಿಗೆ ಮಂದಿ ಬಂದರೆ ರೊಕ್ಕ ಊರಲ್ಲೇ ಖರ್ಚಾಗುತ್ತದೆ. ಏನೂ ಇಲ್ಲದ ಊರಿಗೆ ಹತ್ತು ಸಾವಿರ ಮಂದಿ ಬಂದರೂ ನೀರಿನ ಬಾಟಲಿಯಿಂದ ಹಿಡಿದು ಎಲ್ಲವೂ ಹೊರಗಿನಿಂದ ಬಂದು, ರೊಕ್ಕವೂ ಹೊರಗೇ ಹೋಗುತ್ತದೆ.

1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಮಹಾರಾಜರು ವಿಲಾಯತಿಗೆ ಹೋದರು. ಆ ಪ್ರವಾಸದಲ್ಲಿ ರೋಮ್ ಪಟ್ಟಣದ ಹಳೆಯ ದುಂಡನೆಯ ಆಟದ ಕಣ ನೋಡಿ, ತನ್ನ ಊರಿನ ಪೈಲ್ವಾನರಿಗೂ ಇಂಥದೊಂದು ಬೇಕೆಂದು ಮನಸ್ಸು ಮಾಡಿದರು ಎಂಬುದು ಕೊಲ್ಲಾಪುರದ ಮಂದಿ ಇವತ್ತಿಗೂ ಹೇಳುವ ಮಾತು. ಅದೇ ಖಾಸಬಾಗ್ ಮೈದಾನ. 1912ರಲ್ಲಿ ತಯಾರಾಯಿತು. ನಡುವೆ ಕೆಂಪು ಮಣ್ಣಿನ ಕಣ, ಸುತ್ತಲೂ ಬಟ್ಟಲಿನ ಹಾಗೆ ಮೇಲೇರುವ ಇಳಿಜಾರು. ಸುಮಾರು ಮೂವತ್ತು ಸಾವಿರ ಮಂದಿ ಕೂಡಬಹುದು. ಯಾವ ಮೂಲೆಯಲ್ಲಿ ಕೂತರೂ ಪಟ್ಟು ಕಾಣುತ್ತದೆ. ಮುಂದಿನವನ ರುಮಾಲು ಅಡ್ಡ ಬರೋದಿಲ್ಲ, ಆಡುವವನ ಕಾಲು ನೋಡುವವನಿಗೆ ತಾಗೋದಿಲ್ಲ.

ಆ ವರ್ಷದ ದೊಡ್ಡ ಜೋಡಿ ಇಮಾಮ್ ಬಕ್ಷ್ ಮತ್ತು ಗುಲಾಮ್ ಮೊಹಿಯುದ್ದೀನ್. ಇಮಾಮ್ ಬಕ್ಷ್ ಎಂದರೆ ಜಗತ್ಪ್ರಸಿದ್ಧ ಗಾಮಾ ಪೈಲ್ವಾನರ ತಮ್ಮ. ಗೆದ್ದವರೂ ಅವರೇ. ಪಂಜಾಬದ ಮಲ್ಲರು ಸಾವಿರ ಮೈಲಿ ದೂರದಿಂದ ಬಂದು ಕೊಲ್ಲಾಪುರದ ಮಣ್ಣು ಮೈಗೆ ಹಚ್ಚಿಕೊಂಡರು. ಅವರನ್ನು ನೋಡಲು ಸುತ್ತಲಿನ ಸೀಮೆಯಿಂದ ಮಂದಿ ಬಂದಿತು. ಈಗಿನ ಅಧಿಕಾರಿಗಳು ಕ್ರೀಡಾ ಪ್ರವಾಸೋದ್ಯಮ ಎಂದು ದೊಡ್ಡ ಹೆಸರಿಟ್ಟು ಕರೆಯೋದು ಇದನ್ನೇ. ಮೈದಾನದ ಪಕ್ಕದಲ್ಲೇ 1915ರಲ್ಲಿ ಪ್ಯಾಲೇಸ್ ಥಿಯೇಟರ್ ಕಟ್ಟಿಸಿದರು. ಹಗಲು ಕುಸ್ತಿ ನೋಡಿದವನು ರಾತ್ರಿ ನಾಟಕಕ್ಕೆ ನಿಂತನೆಂದರೆ ಊಟ, ವಸ್ತಿ ಎರಡೂ ಊರಲ್ಲೇ ಆಗಬೇಕು.

ವರ್ಷಪೂರ್ತಿ ಹಾಲು ಕೊಳ್ಳುವ ಗಿರಾಕಿ

ಖರೆ ಗುಟ್ಟು ಇರೋದು ಮೈದಾನದಲ್ಲಲ್ಲ, ತಾಲೀಮುಗಳಲ್ಲಿ. ನಮ್ಮ ಕಡೆ ಗರಡಿ ಮನೆ ಎಂದರೆ ಅಲ್ಲಿ ತಾಲೀಮು. ಕೊಲ್ಲಾಪುರದ ಓಣಿ ಓಣಿಯ ತಾಲೀಮುಗಳಿಗೆ ಮಹಾರಾಜರು ಆಸರೆ ಕೊಟ್ಟರು. ಪೈಲ್ವಾನರಿಗೆ ದರಬಾರಿನಿಂದ ಖುರಾಕು ಕೊಡಿಸಿದರು. ಖುರಾಕೆಂದರೆ ಹಾಲು, ತುಪ್ಪ, ಬದಾಮಿ. ಕಣದ ಮಣ್ಣಿಗೂ ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆಹಣ್ಣು ಬೇಕು.

ಅಂಗಡಿಕಾರರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಒಂದು ದಿನದ ಜಂಗಿ ಕುಸ್ತಿ ಒಂದು ದಿನ ಚಹ ಮಾರುತ್ತದೆ. ಒಂದು ಗರಡಿ ಮನೆ ಮುನ್ನೂರರವತ್ತೈದು ದಿನ ಹಾಲು ಕೊಳ್ಳುತ್ತದೆ. ಎಮ್ಮೆ ಕಟ್ಟಿದ ರೈತ, ಕಿರಾಣಿ ಅಂಗಡಿ, ಗಾಣದವರು ಎಲ್ಲರಿಗೂ ಕಾಯಂ ಗಿರಾಕಿ. ಇನ್ನೊಂದು ಲಾಭವೂ ಇದೆ. ಹೊರಗಿನ ಮಲ್ಲ ಬಂದು ಗೆದ್ದು ರೊಕ್ಕ ಎಣಿಸಿಕೊಂಡು ಹೋಗೋದನ್ನ ಊರ ಹುಡುಗರು ಬರೇ ನೋಡುತ್ತಾ ನಿಲ್ಲಲಿಲ್ಲ. ತಾವೂ ಕಲಿತರು, ಗೆದ್ದರು, ಬಹುಮಾನ ಮನೆಗೆ ತಂದರು.

ಲಾಭ ಯಾರಿಗೆ ಎಂಬುದನ್ನೂ ಮಹಾರಾಜರು ಮರೆಯಲಿಲ್ಲ. 1902ರ ಜುಲೈ 26ರ ಹುಕುಮಿನಿಂದ ಸರಕಾರಿ ನೌಕರಿಯಲ್ಲಿ ನೂರಕ್ಕೆ ಐವತ್ತು ಸ್ಥಾನ ಹಿಂದುಳಿದವರಿಗೆ ಮೀಸಲಾಯಿತು. ದಲಿತ ಸಮಾಜದ ಗಂಗಾರಾಮ ಕಾಂಬಳೆ ಎಂಬವರಿಗೆ ಪೇಟೆಯಲ್ಲಿ ಚಹದ ಹೋಟೆಲು ಹಾಕಲು ನೆರವು ಕೊಟ್ಟರು. ಆ ಕಾಲಕ್ಕೆ ಅವರ ಕೈಯ ಚಹ ಕುಡಿಯಲು ಮಂದಿ ಹಿಂದೆಮುಂದೆ ನೋಡಿದರು. ಮಹಾರಾಜರು ತಮ್ಮ ಗಾಡಿ ಆ ಹೋಟೆಲಿನ ಮುಂದೆ ನಿಲ್ಲಿಸಿ, ತಾವೂ ಕುಡಿದು, ಜೊತೆಗಿದ್ದ ಸರದಾರರಿಗೂ ಕುಡಿಸಿದರು. ಊರಿಗೆ ಎಷ್ಟೇ ಮಂದಿ ಬರಲಿ, ಕೆಲವರ ಅಂಗಡಿಗಷ್ಟೇ ಗಿರಾಕಿ ಹೋದರೆ ಅದು ಊರಿನ ಲಾಭ ಅಲ್ಲ.

1917ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮತ್ತು ಉಚಿತ ಎಂದು ಕಾಯ್ದೆ ಮಾಡಿದರು. 1920ರ ಜುಲೈಯಲ್ಲಿ ಹುಬ್ಬಳ್ಳಿಗೆ ಬಂದು ಬ್ರಾಹ್ಮಣೇತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. 1922ರ ಮೇ 6ರಂದು ಮುಂಬಯಿಯಲ್ಲಿ ತೀರಿಕೊಂಡಾಗ ವಯಸ್ಸು ಬರೇ 47.

ಅರಸರು ಹೋದರು, ಮಣ್ಣು ಉಳಿಯಿತು

ಮಹಾರಾಜರಿಗೆ ಇನ್ನೊಂದು ಹುಚ್ಚೂ ಇತ್ತು. ಅದು ಸಾಠಮಾರಿ. ಮದವೇರಿದ ಆನೆಯನ್ನು ಕಣದೊಳಗೆ ಬಿಟ್ಟು, ಅದನ್ನು ಕೆಣಕಿ ತಪ್ಪಿಸಿಕೊಳ್ಳುವ ಆಟ. ನಮ್ಮ ಹೋರಿ ಬೆದರಿಸುವ ಆಟಕ್ಕೆ ದೊಡ್ಡಣ್ಣ ಇದ್ದ ಹಾಗೆ. ಅದಕ್ಕೂ ಬೇರೆ ಕಣ ಇತ್ತು. ಇವತ್ತು ಆ ಆಟ ಇಲ್ಲ. ಅರಮನೆಯ ಆನೆ ಹೋದ ಮೇಲೆ ಆಟವೂ ಹೋಯಿತು. 1949ರ ಮಾರ್ಚಿ 1ರಂದು ಕೊಲ್ಲಾಪುರ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ದರಬಾರಿನ ಖುರಾಕೂ ನಿಂತಿತು. ಆದರೆ ಕುಸ್ತಿ ನಿಲ್ಲಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ತಾಲೀಮು ಅರಮನೆಯದಾಗಿ ಉಳಿದಿರಲಿಲ್ಲ, ಓಣಿಯದಾಗಿತ್ತು.

ಇದಕ್ಕೆ ಸಾಕ್ಷಿ ಖಾಶಾಬಾ ಜಾಧವ್. ಕರಾಡದ ಹತ್ತಿರದ ಗೋಳೇಶ್ವರ ಹಳ್ಳಿಯ ಹುಡುಗ, ಕೊಲ್ಲಾಪುರದಲ್ಲಿ ಓದಿ, ಅಲ್ಲೇ ಪಳಗಿದವರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಲು ರೊಕ್ಕ ಇರಲಿಲ್ಲ. ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಜಾಧವ್ ಕಂಚಿನ ಪದಕ ಗೆದ್ದು ಬಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ಗೆದ್ದು ತಂದ ಮೊದಲ ಪದಕ ಅದು. ಕರಾಡದಲ್ಲಿ ಎತ್ತಿನ ಗಾಡಿಗಳ ಸಾಲೇ ಅವರನ್ನು ಎದುರುಗೊಂಡಿತು. ಆಮೇಲೆ ಅವರು ಮತ್ತೆ ಕುಸ್ತಿ ಆಡಿ, ಬಂದ ರೊಕ್ಕದಿಂದ ಖರ್ಡೇಕರರ ಸಾಲ ತೀರಿಸಿದರು. ಆಟ ಬೇರೂರಿದ ಊರಿನಲ್ಲಿ ಸಾಲ ಕೊಡುವವರೂ ಸಿಗುತ್ತಾರೆ, ತೀರಿಸುವ ಹಾದಿಯೂ ಸಿಗುತ್ತದೆ.

2024ರ ಆಗಸ್ಟ್ 8ರ ರಾತ್ರಿ ಖಾಸಬಾಗ್ ಪಕ್ಕದ ಆ ಹಳೆಯ ಥಿಯೇಟರು, ಈಗಿನ ಹೆಸರಿನಲ್ಲಿ ಕೇಶವರಾವ್ ಭೋಸಲೆ ನಾಟ್ಯಗೃಹ, ಬೆಂಕಿಗೆ ಸಿಕ್ಕಿತು. ಕೊಲ್ಲಾಪುರದ ಮಂದಿ ತಮ್ಮ ಮನೆಯೇ ಸುಟ್ಟಂತೆ ಮರುಗಿದರು. ಅರಸರು ಕಟ್ಟಿಸಿದ್ದು ಊರಿನದಾಗಿತ್ತು.

ನಮ್ಮ ಸೀಮೆಯ ಮಾತು

ಹೋರಿ ಹಬ್ಬಕ್ಕೆ ಕೊಲ್ಲಾಪುರದ ಅರಮನೆ ಬೇಕಿಲ್ಲ. ಹೋರಿ ರೈತನದು, ಮೇವು ರೈತನದು, ಪ್ರೀತಿಯೂ ರೈತನದು. ಇಲ್ಲದಿರೋದು ಆಟ ಮುಗಿದ ಮೇಲೂ ಉಳಿಯುವ ಏರ್ಪಾಡು. ಹೋರಿ-ಎತ್ತುಗಳ ಆಟಕ್ಕೆ 2014ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿದ್ದಿತ್ತು. 2023ರ ಮೇ 18ರಂದು ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು ಅದೇ ಕೋರ್ಟು ಎತ್ತಿಹಿಡಿಯಿತು. ಹಾಗಂತ ಮೈಮರೆಯುವಂತಿಲ್ಲ. ನೋಡಲು ಬಂದವನು ಹೆಣವಾಗಿ ಮನೆಗೆ ಹೋದರೆ, ದನಕ್ಕೆ ಹಿಂಸೆಯಾದರೆ, ಆಟಕ್ಕೆ ಕುತ್ತು ತಪ್ಪಿದ್ದಲ್ಲ.

ಮಾಡಬೇಕಾದ್ದು ಬೆಟ್ಟದಂಥ ಕೆಲಸವೇನಲ್ಲ. ಕಾಯಂ ಓಟದ ಹಾದಿ, ಅದಕ್ಕೆ ಗಟ್ಟಿ ಬೇಲಿ, ಹೆಣ್ಣುಮಕ್ಕಳೂ ಹುಡುಗರೂ ನಿರ್ಭಯವಾಗಿ ಕೂತು ನೋಡುವ ಎತ್ತರದ ಜಾಗ. ಆವತ್ತಿಗೆ ಡಾಕ್ಟರು, ದನದ ಡಾಕ್ಟರು, ಆಂಬುಲೆನ್ಸು. ಗಾಡಿ-ಅಂಗಡಿಯ ಜಾಗದಲ್ಲಿ ಊರಿನವರಿಗೆ ಮೊದಲ ಪಾಳಿ, ಅದರಲ್ಲೂ ಬಡವರಿಗೆ. ಬಂದ ವರ್ಗಣಿ, ಆದ ಖರ್ಚು ಎರಡನ್ನೂ ಪಂಚಾಯ್ತಿ ಕಟ್ಟೆಯ ಮೇಲೆ ಬರೆದು ಹಾಕುವುದು. ಉಳಿದದ್ದರಲ್ಲಿ ಒಂದು ಪಾಲು ಗರಡಿ ಮನೆಗೆ, ಒಂದು ಪಾಲು ಶಾಲೆಯ ಮೈದಾನಕ್ಕೆ. ಹಂಸಭಾವಿಯಂಥ ವಿದ್ಯಾಪೀಠ ಇರುವ ಊರಿನಲ್ಲಿ ಆಡುವ ಹುಡುಗರಿಗೇನು ಕೊರತೆ?

ಬಹುಮಾನದ ಮೋಟಾರ್ ಸೈಕಲ್ಲು ಯಾವುದೋ ಊರಿಗೆ ಹೋಗುತ್ತದೆ. ಗರಡಿ ಮನೆ ಎಲ್ಲಿಗೂ ಹೋಗುವುದಿಲ್ಲ. ಬರುವ ದೀಪಾವಳಿಗೆ ಹೋರಿಗೆ ರಿಬ್ಬನ್ನು ಕೊಳ್ಳುವ ಮುಂಚೆ ವ್ಯಾಪಾರಸ್ಥರು, ಹೋರಿ ಮಾಲೀಕರು, ಪಂಚಾಯ್ತಿಯವರು ಒಂದು ಸಂಜೆ ಕೂತು ಈ ಲೆಕ್ಕ ಹಾಕಿದರೆ ಸಾಕು.